ಟೆಂಡರಿಗೆ ಕಲ್ಲಿದ್ದಲು ತುಂಬುವವಳು

ಕಲ್ಲಿದ್ದಲು ಒಡೆಯುವುದಕ್ಕೂ ಒಂದು ಹದವಿದೆ. ಸಿಟ್ಟಿನಿಂದ ಬಡಿದರೆ ಎಲ್ಲ ಪುಡಿ. ಅಂಜುತ್ತ ಬಡಿದರೆ ಗಟ್ಟಿ ಹಾಗೇ ಇರುತ್ತದೆ, ಸುತ್ತಿಗೆ ಮಾತ್ರ ಪುಟಿದು ಬರುತ್ತದೆ. ಹಳೆಯ ಟವೆಲ್ಲಿನಲ್ಲಿ ಗಂಟು ಕಟ್ಟಿ ಹಿತ್ತಿಲ ಮೆಟ್ಟಿಲ ಮೇಲಿಟ್ಟು, ನಿದ್ದೆ ಬಾರದ ಮಗುವಿನ ಬೆನ್ನು ತಟ್ಟುವುದಕ್ಕಿಂತ ಒಂಚೂರು ಜೋರಾಗಿ ತಟ್ಟುತ್ತ ಹೋಗಬೇಕು. ಒಳಗಿನ ಸದ್ದು ಕಟಕಟದಿಂದ ಸರಸರಕ್ಕೆ ತಿರುಗಿದ ಕೂಡಲೇ ಕೈ ನಿಲ್ಲಿಸಬೇಕು. ಆಮೇಲೆ ಮೂರು ಜರಡಿ. ಮೊದಲನೆಯದರಲ್ಲಿ ಬೇಳೆಯಷ್ಟು ದಪ್ಪನೆಯವು ನಿಲ್ಲುತ್ತವೆ, ಎರಡನೆಯದರಲ್ಲಿ ಸಾಸಿವೆಯಷ್ಟು, ಮೂರನೆಯದರಲ್ಲಿ ಗಸಗಸೆಯಷ್ಟು. ಕೆಳಗೆ ಹಾಸಿದ ಪೇಪರಿನ ಮೇಲೆ ಬೀಳುವುದು ಕಾಡಿಗೆಯಂಥ ಧೂಳು. ಅದನ್ನೂ ಬಿಸಾಡುವಂತಿಲ್ಲ.

ಹೀಗೆ ಒಡೆದು ಜರಡಿ ಹಿಡಿದ ಕಲ್ಲಿದ್ದಲನ್ನು ಆಟದ ರೈಲುಗಳಿಗೆ ತುಂಬುವುದು ಮಸಿ ಎಂಬಾಕೆಯ ಕಸುಬು. ಆಟದ ರೈಲು ಅಂದರೆ ಮಕ್ಕಳು ದಾರ ಕಟ್ಟಿ ಎಳೆಯುವಂಥದ್ದಲ್ಲ. ದೊಡ್ಡವರು, ಅದರಲ್ಲೂ ತಲೆ ನೆರೆದವರು, ಕೋಣೆಯ ತುಂಬ ಹಳಿ ಹಾಸಿ, ಸೇತುವೆ ಸುರಂಗ ಕಟ್ಟಿ, ಹೆಂಡತಿಯಿಂದ ಬೈಸಿಕೊಳ್ಳುತ್ತ ಓಡಿಸುವ ಮಾದರಿ ರೈಲುಗಳು. ಹಬೆ ಇಂಜಿನ್ನಿನ ಬೆನ್ನಿಗೇ ಅಂಟಿಕೊಂಡು, ಅದಕ್ಕೆ ಬೇಕಾದ ಕಲ್ಲಿದ್ದಲನ್ನೂ ನೀರನ್ನೂ ಹೊತ್ತು ಬರುವ ಬಂಡಿ ಒಂದಿರುತ್ತದಲ್ಲ, ಅದಕ್ಕೆ ಟೆಂಡರ್ ಎನ್ನುತ್ತಾರೆ. ಕಾರ್ಖಾನೆಯಿಂದ ಬರುವ ಮಾದರಿಗಳಲ್ಲಿ ಆ ಟೆಂಡರಿನೊಳಗೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಉಬ್ಬು ಇರುತ್ತದೆ, ಅಷ್ಟೆ. ಅದನ್ನು ಕಿತ್ತು, ಆ ಜಾಗದಲ್ಲಿ ನಿಜವಾದ ಕಲ್ಲಿದ್ದಲಿನ ರಾಶಿ ಕೂರಿಸಿಕೊಡುವವರು ಬಹಳ ಜನ ಇಲ್ಲ.

ಮಸಿ ಅನ್ನುವುದು ಅಪ್ಪ ಇಟ್ಟ ಹೆಸರು. ಅಪ್ಪ ಫೈರ್‌ಮನ್ ಆಗಿದ್ದ; ಟೆಂಡರಿನಿಂದ ಕಲ್ಲಿದ್ದಲನ್ನು ಸಲಿಕೆಯಲ್ಲಿ ಎತ್ತಿ ಇಂಜಿನ್ನಿನ ಒಲೆಗೆ ಎಸೆಯುವುದು ಅವನ ಕೆಲಸ. ಡ್ಯೂಟಿ ಮುಗಿಸಿ ಬಂದವನು ಸ್ನಾನಕ್ಕೆ ಹೋಗುವ ಮೊದಲೇ ಅವನ ಕೊರಳಿಗೆ ಜೋತುಬಿದ್ದು, ಕೆನ್ನೆ, ಫ್ರಾಕು ಎಲ್ಲ ಕಪ್ಪು ಮಾಡಿಕೊಂಡು ಅಮ್ಮನಿಂದ ಏಟು ತಿನ್ನುತ್ತಿದ್ದವಳು ಈ ಚಿಕ್ಕವಳು. ಅಕ್ಕ ಮಾತ್ರ ಅಪ್ಪ ಸೋಪು ಹಚ್ಚಿ ಬರುವವರೆಗೂ ಮೂಗು ಮುಚ್ಚಿಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಈಗ ಮಸಿಗೆ ಐವತ್ತೆರಡು. ಮದುವೆ ಒಂದೂವರೆ ವರ್ಷ ಬಾಳಿತ್ತು. ಅದರ ಬಗ್ಗೆ ಯಾರಾದರೂ ಕೆದಕಿದರೆ, ಬಟ್ಟೆ ಚೆನ್ನಾಗಿತ್ತು, ಹೊಲಿಗೆ ಸರಿಯಿರಲಿಲ್ಲ ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಹಾಗೆ ಹೇಳುವುದಕ್ಕೆ ಕಾರಣವೂ ಇತ್ತು. ಬಹಳ ವರ್ಷ ಅವಳು ದರ್ಜಿ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು ಶರಟುಗಳಿಗೆ ಕಾಜಾ ಹಾಕುತ್ತಿದ್ದಳು. ಸೂಜಿಯ ಕಣ್ಣಿನಷ್ಟು ಜಾಗದಲ್ಲಿ ದಿನವೆಲ್ಲ ಕೆಲಸ ಮಾಡಿದ ಕೈ ಅದು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವರಿಬ್ಬರೇ, ಅಪ್ಪ ಮತ್ತು ಮಗಳು.

ಈ ಕಸುಬು ಮನೆಗೆ ಬಂದದ್ದು ಜಗಳದಿಂದ. ಹಬೆ ಇಂಜಿನ್ನುಗಳು ನಿಂತುಹೋದ ಮೇಲೆ ಅಪ್ಪನನ್ನು ಉಗ್ರಾಣಕ್ಕೆ ಹಾಕಿದ್ದರು. ಅಲ್ಲಿ ಲಾಂದ್ರದ ಗಾಜು ಒರೆಸಿ ಒರೆಸಿ ನಿವೃತ್ತನಾದ. ಡ್ರೈವರ್ ಆಗುವ ಸರದಿ ಬರುವ ಹೊತ್ತಿಗೆ ಓಡಿಸಲು ಇಂಜಿನ್ನೇ ಉಳಿದಿರಲಿಲ್ಲ. ನಿವೃತ್ತನಾದ ವರ್ಷ ಒಂದು ದಿನ ಪೇಟೆ ಬೀದಿಯಲ್ಲಿ ನಡೆದು ಬರುತ್ತಿದ್ದಾಗ ಅಂಗಡಿಯೊಂದರ ಗಾಜಿನ ಹಿಂದೆ ತನ್ನದೇ ಇಂಜಿನ್ನು ಕಂಡಿತು, ಗೇಣುದ್ದದ್ದು. ನಿಂತು ನೋಡಿದ. ನೋಡುತ್ತ ನೋಡುತ್ತ ರಕ್ತ ಕುದಿಯಿತು. ಸೀದಾ ಒಳಗೆ ನುಗ್ಗಿದ.

"ಇದೇನ್ರೀ, ಟೆಂಡರಿನೊಳಗೆ ಟಾರು ಸುರಿದು ರಸ್ತೆ ಮಾಡಿದ್ದೀರಾ?"

ಅಂಗಡಿಯ ಯಜಮಾನರು ತೆಳ್ಳಗಿನ ಮನುಷ್ಯ. ಮೂಗಿನ ಮೇಲೊಂದು, ಹಣೆಯ ಮೇಲೊಂದು, ಯಾವಾಗಲೂ ಎರಡು ಕನ್ನಡಕ. ಬೀದಿಯವರೆಲ್ಲ ಅವರನ್ನು ಜೋಡಿ ಕನ್ನಡಕದವರು ಎಂದೇ ಕರೆಯುತ್ತಿದ್ದರು. ಅವರು ಹಣೆಯದನ್ನು ಮೂಗಿಗೂ ಮೂಗಿನದನ್ನು ಹಣೆಗೂ ಬದಲಿಸಿ, ಇದು ಆಟದ ಸಾಮಾನು ಸ್ವಾಮಿ ಎಂದರು.

"ಆಟಕ್ಕಾದ್ರೂ ಉರೀಬೇಡ್ವಾ?" ಎಂದ ಅಪ್ಪ.

ಹಾಗಾದರೆ ನೀವೇ ಮಾಡಿಕೊಂಡು ಬನ್ನಿ ಎಂದರು ಅವರು. ಅಪ್ಪ ಮಾಡಿಕೊಂಡೇ ಹೋದ. ಅಲ್ಲಿಂದ ಆ ಅಂಗಡಿಗೆ ಬಂದ ಇಂಜಿನ್ನುಗಳೆಲ್ಲ ಒಮ್ಮೆ ಇವರ ಅಡುಗೆಮನೆಯ ಕಿಟಕಿ ಪಕ್ಕದ ಮೇಜಿಗೆ ಬಂದು ಹೋಗತೊಡಗಿದವು. ಕೆಲವು ವರ್ಷಗಳ ಮೇಲೆ ಅಪ್ಪನ ಕೈ ನಡುಗಲು ಶುರುವಾಯಿತು. ಚಿಮುಟದ ತುದಿಯಿಂದ ಕಲ್ಲಿದ್ದಲು ಜಾರಿ ಬೀಳುತ್ತಿದ್ದದ್ದನ್ನು ನೋಡಲಾರದೆ ಮಸಿ ಒಂದು ದಿನ ಚಿಮುಟವನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನು ಕೊಟ್ಟ. ಕೊಟ್ಟು, ಪಕ್ಕದ ಕುರ್ಚಿಗೆ ಸರಿದು, ಮೇಸ್ತ್ರಿಯಾದ.

ಕಷ್ಟ ಶುರುವಾದದ್ದು ಆಗ. ಥರ್ಮಾಕೋಲನ್ನು ಟೆಂಡರಿನ ಅಳತೆಗೆ ಕತ್ತರಿಸಿ, ಏರು ತಗ್ಗು ಕೆತ್ತಿ, ಕಪ್ಪು ಬಳಿದು, ಬಡಗಿಗಳ ಬಿಳಿ ಅಂಟು ಸವರಿ, ಅದರ ಮೇಲೆ ಕಲ್ಲಿದ್ದಲು ಸುರಿದು, ಕೊನೆಗೆ ಅಂಟನ್ನೇ ನೀರಿನಲ್ಲಿ ತೆಳ್ಳಗೆ ಮಾಡಿ, ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಬೆರೆಸಿ, ಹನಿ ಹನಿಯಾಗಿ ಬಿಡುವುದು. ಸೋಪಿಲ್ಲದಿದ್ದರೆ ಹನಿ ಒಳಗಿಳಿಯುವುದಿಲ್ಲ, ಎಲೆಯ ಮೇಲಿನ ನೀರಿನ ಹಾಗೆ ಉರುಳಿಕೊಂಡು ಕೂರುತ್ತದೆ. ಮರುದಿನಕ್ಕೆ ಎಲ್ಲ ಒಣಗಿ ಕಲ್ಲಾಗುತ್ತದೆ. ಟೆಂಡರನ್ನು ತಲೆಕೆಳಗು ಮಾಡಿದರೂ ಒಂದು ಕಾಳು ಬೀಳುವುದಿಲ್ಲ. ಇಷ್ಟನ್ನು ಮಸಿ ಒಂದು ತಿಂಗಳಲ್ಲಿ ಕಲಿತಳು. ಆದರೆ ಅಪ್ಪ ನೋಡಿ ತಲೆಯಾಡಿಸಿಬಿಡುತ್ತಿದ್ದ.

"ಇದು ಇಟ್ಟಿದ್ದು ಮಗಳೇ. ಬಿದ್ದಿದ್ದಲ್ಲ."

ಬಿದ್ದ ಕಲ್ಲಿದ್ದಲಿಗೂ ಇಟ್ಟ ಕಲ್ಲಿದ್ದಲಿಗೂ ಇರುವ ವ್ಯತ್ಯಾಸವನ್ನು ಅವನು ಬಾಯಲ್ಲಿ ವಿವರಿಸಲಾರ. ಕೈ ಎತ್ತಿ ಗಾಳಿಯಲ್ಲಿ ಇಳಿಸುತ್ತಿದ್ದ. ಅವಳೇ ವರ್ಷಗಟ್ಟಲೆ ನೋಡಿ ಕಂಡುಕೊಂಡಳು. ಎತ್ತರದಿಂದ ಸುರಿದಾಗ ದಪ್ಪ ಹೆಂಟೆಗಳು ಉರುಳಿ ಅಂಚಿಗೆ ಹೋಗುತ್ತವೆ, ಪುಡಿ ನಡುವೆ ಉಳಿಯುತ್ತದೆ. ಗಾಡಿ ಓಡುತ್ತ ಓಡುತ್ತ ಪುಡಿ ಕೆಳಗಿಳಿದು ದಪ್ಪನೆಯವು ಮೇಲಕ್ಕೆ ಬರುತ್ತವೆ. ಫೈರ್‌ಮನ್ ಎತ್ತಿಕೊಳ್ಳುವ ಕಡೆ ಒಂದು ಗುಂಡಿ ಬೀಳುತ್ತದೆ, ಹಿಂದಿನ ರಾಶಿ ಅದರೊಳಕ್ಕೆ ಕುಸಿಯಲು ಕಾಯುತ್ತಿರುತ್ತದೆ. ಈ ಕಾಯುವುದನ್ನು ಅಂಟಿನಲ್ಲಿ ಹಿಡಿಯುವುದು ಹೇಗೆ?

ಅವಳು ಮಾಡಿದ ಟೆಂಡರುಗಳು ದೂರದೂರಕ್ಕೆ ಹೋದವು. ಎಲ್ಲಿಂದಲೋ ಯಾರೋ ಕಾಗದ ಬರೆದು ಹೊಗಳಿದರು. ಒಬ್ಬರಂತೂ, ನಿಮ್ಮ ಕಲ್ಲಿದ್ದಲು ನೋಡಿ ನನಗೆ ಕೆಮ್ಮು ಬಂತು ಎಂದು ಬರೆದಿದ್ದರು. ಮಸಿ ಅದನ್ನು ಅಪ್ಪನಿಗೆ ಓದಿ ಹೇಳಿದಳು. ಅಪ್ಪ ನಕ್ಕ. ಆದರೆ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವನ ಬಾಯಿಂದ ಸರಿಯಾಗಿದೆ ಅನ್ನುವ ಮಾತು ಬರಲಿಲ್ಲ. ಮುಗಿದ ಟೆಂಡರನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ನಡೆಯುತ್ತೆ ಎಂದು ಕೆಳಗಿಡುತ್ತಿದ್ದ. ನಡೆಯುತ್ತೆ, ಅಷ್ಟೇ. ಅವನು ಕೆಟ್ಟವನಾಗಿ ಹಾಗೆನ್ನುತ್ತಿರಲಿಲ್ಲ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ತನ್ನ ಕೈಯಿಂದ ಒಂದು ಸಲವೂ ಗಾಡಿ ಹಬೆ ಸಾಲದೆ ನಿಂತಿಲ್ಲ ಅನ್ನುವುದೊಂದೇ ಅವನ ಬದುಕಿನ ಹೆಮ್ಮೆ. ಅದನ್ನು ಬಿಟ್ಟು ಬೇರೆ ಯಾವುದರ ಬಗ್ಗೆಯೂ ಅವನು ಎದೆಯುಬ್ಬಿಸಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಆ ಹೆಮ್ಮೆಯ ಅಳತೆಗೋಲನ್ನೇ ಮಗಳ ಕೆಲಸಕ್ಕೂ ಹಿಡಿಯುತ್ತಿದ್ದ.

ಆಮೇಲೆ ಮರೆವು ಬಂತು. ಮೊದಲು ಚಪ್ಪಲಿ, ಚಹಾ ಕುಡಿದದ್ದು, ಬಾಗಿಲ ಚಿಲಕ. ಆಮೇಲೆ ಅಮ್ಮ ಎಲ್ಲಿ ಅನ್ನುವ ಪ್ರಶ್ನೆ. ತೀರಿಕೊಂಡಳು ಎಂದರೆ ಪ್ರತಿ ಸಲವೂ ಹೊಸದಾಗಿ ಅಳುತ್ತಿದ್ದ. ಅದಕ್ಕೇ ಮಸಿ, ಪೇಟೆಗೆ ಹೋಗಿದ್ದಾಳೆ ಅನ್ನಲು ಶುರುಮಾಡಿದಳು. ಪೇಟೆಯಲ್ಲಿ ಅವಳಿಗೇನು ಇಷ್ಟು ಹೊತ್ತು ಕೆಲಸ ಎಂದು ಗೊಣಗುತ್ತ ಅವನು ಕಿಟಕಿಯ ಪಕ್ಕ ಕೂರುತ್ತಿದ್ದ. ಡಾಕ್ಟರು ನಿಧಾನವಾಗಿ ಹೇಳಿದರು: ಮಾತ್ರೆಗಳಿಂದ ಹೆಚ್ಚೇನೂ ಆಗುವುದಿಲ್ಲ, ಗುರುತು ಇರುವ ದಿನಗಳು ಇನ್ನು ಸ್ವಲ್ಪ, ಏನು ಮಾತಾಡಬೇಕೋ ಈಗಲೇ ಮಾತಾಡಿಕೊಳ್ಳಿ.

ಮಸಿಗೆ ಮಾತಾಡುವುದಕ್ಕೇನೂ ಇರಲಿಲ್ಲ. ಕೇಳಿಸಿಕೊಳ್ಳುವುದಿತ್ತು. ಒಂದೇ ಒಂದು ಸಲ, ತಾನು ಯಾರೆಂದು ಅಪ್ಪನಿಗೆ ಗೊತ್ತಿರುವಾಗಲೇ, ತನ್ನ ಕೆಲಸ ನೋಡಿ ಅವನು ಸರಿಯಾಗಿದೆ ಅನ್ನಬೇಕು. ನಾಚಿಕೆಯಾಗುವಷ್ಟು ಸಣ್ಣ ಆಸೆ. ಅಕ್ಕನಿಗೂ ಹೇಳಿಕೊಂಡಿರಲಿಲ್ಲ.

ಆ ಹೊತ್ತಿಗೇ ಜೋಡಿ ಕನ್ನಡಕದವರು ಒಂದು ದೊಡ್ಡ ಪೆಟ್ಟಿಗೆ ಹೊತ್ತು ತಂದರು. ಒಳಗಿದ್ದದ್ದು ಮೊಳದುದ್ದದ ಟೆಂಡರು, ಹಿತ್ತಾಳೆ ತಗಡಿನದು, ಅಪ್ಪನ ಇಂಜಿನ್ನಿನ ಜಾತಿಯದೇ. ಪ್ರದರ್ಶನವೊಂದಕ್ಕೆ ಬೇಕಂತೆ. ಬೊಗಸೆಗಟ್ಟಲೆ ಕಲ್ಲಿದ್ದಲು ಹಿಡಿಸುವ ಟೆಂಡರು ಮಸಿಯ ಮೇಜಿಗೆ ಅದೇ ಮೊದಲು ಬಂದದ್ದು. ಇದರಲ್ಲಿ ತಪ್ಪು ಮುಚ್ಚಿಡಲು ಆಗುವುದಿಲ್ಲ, ಹಾಗೆಯೇ ಸರಿಯೂ ಮುಚ್ಚಿಹೋಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

ಮೂರು ವಾರ ಕೂತಳು. ಕಮ್ಮಾರನ ಕುಲುಮೆಗೆ ಹೋಗಿ, ಅವನ ತಮಾಷೆಗಳನ್ನೆಲ್ಲ ಸಹಿಸಿಕೊಂಡು, ಚೀಲದಲ್ಲಿ ಕೈಹಾಕಿ ಹೊಳಪಿರುವ ಕಲ್ಲಿದ್ದಲನ್ನೇ ಆರಿಸಿ ತಂದಳು. ಸುರಿದ ಕಲ್ಲಿದ್ದಲಿಗೆ ಗಾಡಿಯಲ್ಲಿ ಕುಲುಕಿಸಿಕೊಂಡು ಬಂದ ಕಳೆ ಬರಬೇಕಲ್ಲ, ಅದಕ್ಕೆ ಏನೂ ತೋಚದೆ ಇದ್ದಾಗ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಮೆಷಿನ್ನು ಹಿಂಡಲು ಶುರುಮಾಡಿತು. ಅಕ್ಕ ಹೊಸದು ಕೊಂಡಾಗ ಇತ್ತ ಸಾಗಿಸಿದ್ದ ಹಳೆಯ ಮೆಷಿನ್ನು ಅದು. ಹಿಂಡುವಾಗ ದೆವ್ವ ಮೆಟ್ಟಿದ ಹಾಗೆ ಅಲುಗಾಡಿ, ಗೋಡೆಯಿಂದ ಒಂದಡಿ ಮುಂದೆ ನಡೆದುಬರುತ್ತಿತ್ತು. ಮಸಿ ಟೆಂಡರನ್ನು ಎತ್ತಿಕೊಂಡು ಹೋಗಿ ಅದರ ಮೇಲೆ ಎರಡು ಕೈಯಲ್ಲಿ ಒತ್ತಿಹಿಡಿದು ನಿಂತಳು. ಆ ಶನಿವಾರ ಬಂದಿದ್ದ ಅಕ್ಕ ಅದನ್ನು ನೋಡಿ, "ಇಂಜಿನ್ನಿಗೂ ಮೈಲಿಗೆ ಬಟ್ಟೆ ಇರುತ್ತೇನೇ?" ಎಂದಳು. ಆದರೆ ಮೆಷಿನ್ನು ನಿಂತಾಗ ಟೆಂಡರಿನೊಳಗೆ ದಪ್ಪ ಹೆಂಟೆಗಳು ಮೇಲೆದ್ದು, ಪುಡಿ ಕೆಳಗಿಳಿದು, ಮುಂದಿನ ಗುಂಡಿಯ ಅಂಚು ಇನ್ನೇನು ಕುಸಿಯುವ ಹಾಗೆ ನಿಂತಿತ್ತು. ಮಸಿ ಉಸಿರು ಬಿಗಿಹಿಡಿದು ಹನಿ ಹನಿಯಾಗಿ ಅಂಟು ಬಿಟ್ಟಳು. ಎರಡು ದಿನ ಒಣಗಲು ಬಿಟ್ಟಳು. ಕೊನೆಗೆ ಹೊಳಪು ಅಂಟಿನದಲ್ಲ, ಕಲ್ಲಿದ್ದಲಿನದು ಅನ್ನುವುದನ್ನು ಕಿಟಕಿಯ ಬೆಳಕಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡಳು.

ಬೆಳಿಗ್ಗೆ ಚಹಾ ಆದ ಮೇಲೆ ಅಪ್ಪನ ಮುಂದೆ ಇಟ್ಟಳು. ಅವತ್ತು ಅವನ ತಲೆ ತಿಳಿಯಾಗಿತ್ತು; ಎದ್ದ ಕೂಡಲೇ ಮಸಿ ಎಂದು ಕರೆದು ಸ್ವೆಟರ್ ಕೇಳಿದ್ದ. ಅವಳು ಕೈಕಟ್ಟಿ ಪಕ್ಕದಲ್ಲಿ ನಿಂತಳು. ಐವತ್ತೆರಡು ವರ್ಷದ ಹೆಂಗಸು, ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗಿಯ ಹಾಗೆ.

ಅಪ್ಪ ನೋಡಿದ. ಬೆಳಕಿಗೆ ಎತ್ತಿ ಹಿಡಿಯಲಿಲ್ಲ. ಬಗ್ಗಿ, ಟೆಂಡರಿನ ಮುಂದಿನ ಗುಂಡಿಯನ್ನು ದಿಟ್ಟಿಸಿದ. ಅವನ ಮುಖದಲ್ಲಿ ಏನೋ ಹತ್ತಿಕೊಂಡಿತು. ಎದ್ದು ಪಾತ್ರೆಗಳ ಗೂಡಿನ ಕಡೆಗೆ ಹೋದ. ತಟ್ಟೆಗಳ ಸದ್ದಾಯಿತು. ಬರುವಾಗ ಕೈಯಲ್ಲಿ ಒಂದು ಚಮಚ ಇತ್ತು. ಕಾಲು ಅಗಲಿಸಿ, ಮೊಣಕಾಲು ಸ್ವಲ್ಪ ಬಾಗಿಸಿ ನಿಂತು, ಚಮಚವನ್ನು ಕಲ್ಲಿದ್ದಲಿನ ಬುಡಕ್ಕೆ ತೂರಿಸಿದ.

ಚಮಚ ಒಳಗೆ ಹೋಗಲಿಲ್ಲ.

ಮತ್ತೆ ತೂರಿಸಿದ. ಕರ್ರೆಂದಿತು. ಅಪ್ಪ ಚಮಚವನ್ನು ನೋಡಿದ, ಟೆಂಡರನ್ನು ನೋಡಿದ, ಮೂರನೆಯ ಸಲ ಮೈಭಾರ ಹಾಕಿ ಒತ್ತಿದ. ಚಮಚ ಬಾಗಿತು. ಅದನ್ನು ಬಿಸಾಡಿ ಉಗುರಿನಿಂದ ಕೆರೆಯಲು ಹಿಡಿದ. ಮಸಿ ಮುಂದೆ ಬಂದು ಕೈ ಹಿಡಿದರೆ ಕೊಸರಿಕೊಂಡ. ಇದ್ದಲು ಹೆಪ್ಪುಗಟ್ಟಿದೆ, ಹಬೆಯ ಒತ್ತಡ ತೋರಿಸೋ ಮುಳ್ಳು ಇಳೀತಿದೆ, ಏರು ಇನ್ನೂ ಮುಗಿದಿಲ್ಲ, ಹಿಂದೆ ಇಷ್ಟು ಜನ ಕೂತಿದ್ದಾರೆ ಎಂದು ಒಂದೇ ಸಮನೆ ಹೇಳುತ್ತಿದ್ದ. ಉಗುರಿನ ಸಂದಿಯಿಂದ ರಕ್ತ ಬಂತು. ಕೊನೆಗೆ ಕೈ ಸೋತು, ಮೇಜಿನ ಅಂಚು ಹಿಡಿದು ನಿಂತು, ಮಗುವಿನ ಹಾಗೆ ಅತ್ತುಬಿಟ್ಟ.

"ನಿಂತೋಯ್ತು. ನನ್ ಕೈಯಲ್ಲಿ ನಿಂತೋಯ್ತು."

ಮಸಿ ಅಪ್ಪನ ಬೆರಳುಗಳಿಗೆ ಬಟ್ಟೆ ಸುತ್ತಿದಳು. ಟೆಂಡರನ್ನು ಬೀರುವಿನೊಳಗಿಟ್ಟಳು. ಸಂಜೆಯ ಹೊತ್ತಿಗೆ ಮರೆತಿರುತ್ತಾನೆ ಅಂದುಕೊಂಡಳು. ಅಮ್ಮ ಸತ್ತದ್ದನ್ನು ಮರೆತವನು, ಚಹಾ ಕುಡಿದದ್ದನ್ನು ಮರೆಯುವವನು, ಅದೊಂದನ್ನು ಮಾತ್ರ ಮರೆಯಲಿಲ್ಲ.

ಮರುದಿನದಿಂದ ಅವನು ಕೂರುವುದನ್ನೇ ಬಿಟ್ಟ. ಕಾಲು ಅಗಲಿಸಿಕೊಂಡು ಅಡುಗೆಮನೆಯ ಕಿಟಕಿಯ ಬಳಿ ನಿಂತಿರುತ್ತಿದ್ದ. ಊಟಕ್ಕೆ ಕರೆದರೆ, ಗಾಡಿ ನಿಂತಿರುವಾಗ ಊಟ ಹೇಗೆ ಮಾಡುವುದು ಎನ್ನುತ್ತಿದ್ದ. ತುತ್ತು ಬಾಯಿಗಿಟ್ಟರೆ ಕೈ ತಳ್ಳುತ್ತಿದ್ದ. ಸುಸ್ತಾಗಿ ಕುರ್ಚಿಗೆ ಕುಸಿದಾಗ ಬಾಯಿಗೆ ಹಾಲು ಹನಿಸುವುದೊಂದೇ ಅವಳಿಗೆ ಉಳಿದ ದಾರಿ. ಕಣ್ಣು ತೆರೆದ ಕೂಡಲೇ ಮತ್ತೆ ಎದ್ದು ನಿಲ್ಲುತ್ತಿದ್ದ. ಯಾರಾದರೂ ಸಿಕ್ಕರೆ, ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು, ನಂಬಿ, ಇದೇ ಮೊದಲು ಎಂದು ಕೈಮುಗಿಯುತ್ತಿದ್ದ. ಹಾಲು ಹಾಕಲು ಬಂದವನಿಗೂ ಹಾಗೇ ಕೈಮುಗಿದ.

ಮೂರನೆಯ ದಿನ ಸುದ್ದಿ ಕೇಳಿ ಅಕ್ಕ ಬಂದಳು. ಬಸ್ ಕಂಪನಿಯ ಟಿಕೆಟ್ ಕಿಂಡಿಯಲ್ಲಿ ಕೂತು ಕೂತು ಅವಳಿಗೆ ಎಲ್ಲವನ್ನೂ ನಿಂತ ಕಾಲಲ್ಲೇ ತೀರ್ಮಾನಿಸುವ ಅಭ್ಯಾಸ. ಅಪ್ಪನನ್ನು ನೋಡಿ ಅವಳ ಮುಖ ಬಾಡಿತು. ತಂಗಿಯನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು.

"ಅಪ್ಪನಿಗೆ ತೋರಿಸೋ ದರ್ದು ಏನಿತ್ತೇ ನಿಂಗೆ? ಅಂಗಡಿಯವರಿಗೆ ಕೊಟ್ಟು ಕೈತೊಳ್ಕೊಳ್ಳೋದು ತಾನೇ?"

ಅಕ್ಕ ತನ್ನ ಪಾಡಿಗೆ ಹೇಳುತ್ತ ಹೋದಳು: ಒಳ್ಳೆಯ ಆರೈಕೆ ಮನೆಯೊಂದಿದೆ, ಮೂರು ಹೊತ್ತು ನೋಡಿಕೊಳ್ಳುವವರಿದ್ದಾರೆ, ನಿನ್ನ ಮುಖವೂ ನೋಡುವ ಹಾಗಿಲ್ಲ, ಹೀಗೇ ಆದರೆ ಇಬ್ಬರನ್ನೂ ಸೇರಿಸಬೇಕಾಗುತ್ತದೆ. ಆಮೇಲೆ ತಂಗಿಯ ಮುಖ ನೋಡಿ ದನಿ ತಗ್ಗಿಸಿದಳು.

"ಯಾಕೆ ತೋರಿಸಿದೆ ಹೇಳೇ."

"ಚೆನ್ನಾಗಿದೆ ಅಂತಾನೆ ಅಂದ್ಕೊಂಡೆ ಅಕ್ಕ," ಎಂದಳು ಮಸಿ. "ಅಷ್ಟಕ್ಕೋಸ್ಕರ ಅವನ ಗಾಡೀನೇ ನಿಲ್ಲಿಸಿಬಿಟ್ಟೆ."

ಅಕ್ಕ ತಂಗಿಯ ಕೈ ಬಿಟ್ಟಳು. ಮೆಟ್ಟಿಲ ಮೇಲೆ ಕೂತು, ಅಲ್ಲಿ ಬಿದ್ದಿದ್ದ ಕಲ್ಲಿದ್ದಲಿನ ಚೂರೊಂದನ್ನು ಎತ್ತಿ, ಬೆರಳಲ್ಲಿ ಹೊರಳಿಸುತ್ತ ಇದ್ದಳು. ಬೆರಳು ಕಪ್ಪಾದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಹೋಗುವಾಗ, ಬರುವ ಶನಿವಾರದವರೆಗೆ ನೋಡೋಣ, ಆಗಲೂ ಹೀಗೇ ಇದ್ದರೆ ನನ್ನ ಮಾತು ಕೇಳಬೇಕು ಎಂದು ಹೇಳಿಹೋದಳು.

ಅಕ್ಕ ಹೋದ ಮೇಲೆ ಮಸಿ ಬೀರುವಿನಿಂದ ಟೆಂಡರು ತೆಗೆದಳು. ದೊಡ್ಡ ಪಾತ್ರೆಯಲ್ಲಿ ನೀರು ಬಿಸಿಮಾಡಿದಳು. ಥರ್ಮಾಕೋಲಿನ ಅಚ್ಚಿನ ಸಮೇತ ಕಲ್ಲಿದ್ದಲಿನ ರಾಶಿಯನ್ನು ಹೊರಗೆತ್ತಿ ಒಂದು ಗಳಿಗೆ ನೋಡಿದಳು. ಅವಳು ಈವರೆಗೆ ಮಾಡಿದ್ದರಲ್ಲಿ ಇಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಬಿಸಿನೀರಿಗೆ ಬಿಟ್ಟಳು. ಬಿಳಿ ಅಂಟಿಗೆ ಬಿಸಿನೀರು ಆಗದು. ಮೊದಲು ನೀರು ಹಾಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ಬೂದಿ ಬಣ್ಣಕ್ಕೆ. ಕಾಳು ಕಾಳಾಗಿ ಕಲ್ಲಿದ್ದಲು ಪಾತ್ರೆಯ ತಳಕ್ಕೆ ಇಳಿಯಿತು. ಅದನ್ನು ನಾಲ್ಕು ಸಲ ತೊಳೆದು, ಹಿತ್ತಿಲ ಬಿಸಿಲಿಗೆ ಪೇಪರಿನ ಮೇಲೆ ಹರವಿದಳು.

ಜೋಡಿ ಕನ್ನಡಕದವರು ಬಂದಾಗ ಅದು ಒಣಗುತ್ತಿತ್ತು. ಅವರು ಬಂದದ್ದು ಟೆಂಡರು ಒಯ್ಯಲು. ಮಸಿ ನಡೆದದ್ದನ್ನೆಲ್ಲ ಹೇಳಿ, ಇದನ್ನು ಸ್ವಲ್ಪ ದಿನ ಇಟ್ಟುಕೊಳ್ಳಬೇಕು ಎಂದಳು. ಎಷ್ಟು ದಿನ ಎಂದು ಅವರು ಕೇಳಿದರು. ಅವಳು ಒಳಗೆ ಕಿಟಕಿಯ ಕಡೆ ಕೈ ತೋರಿಸಿದಳು. ಅವರು ಬಾಗಿಲಿನಿಂದಲೇ ಒಳಗೆ ಬಗ್ಗಿ, ಕಿಟಕಿಯ ಬಳಿ ನಿಂತಿದ್ದ ಮುದುಕನ ಬೆನ್ನನ್ನು ನೋಡಿದರು. ಎರಡು ಕನ್ನಡಕಗಳನ್ನೂ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇಟ್ಕೊಳ್ಳಿ ತಾಯಿ. ಪ್ರದರ್ಶನಕ್ಕೆ ಬೇರೆ ಏನಾದ್ರೂ ಇಡೋಣ. ಸ್ಟೇಷನ್ ಮಾಸ್ಟರನ್ನ ಇಡೋಣ," ಎಂದರು. ನಗಿಸಲು ನೋಡಿದರು, ಆಗಲಿಲ್ಲ.

ಮರುದಿನ ಬೆಳಿಗ್ಗೆ ಮಸಿ ಟೆಂಡರನ್ನು ಕಿಟಕಿಯ ಪಕ್ಕದ ಮೇಜಿಗೆ ತಂದಳು. ಅಂಟಿನ ಶೀಶೆಯನ್ನು ಮುಚ್ಚಳ ಬಿಗಿದು ಮೇಲಿನ ಗೂಡಿಗೆ ಸೇರಿಸಿದಳು. ಬಿಸ್ಕತ್ತಿನ ಖಾಲಿ ಡಬ್ಬಿಯ ಒಂದು ಮೈಯನ್ನು ಕತ್ತರಿಯಿಂದ ಕೊಯ್ದು, ಚೂಪು ಅಂಚು ಕೈಗೆ ತಾಗದಂತೆ ಮಡಿಚಿ, ಬಾಯಿ ಟೆಂಡರಿನ ಕಡೆಗಿರುವಂತೆ ಅದರ ಮುಂದಿಟ್ಟಳು. ಅದು ಒಲೆ. ಪೇಪರನ್ನು ಕೊಳವೆಯ ಹಾಗೆ ಸುರುಳಿ ಸುತ್ತಿ, ಎತ್ತರದಿಂದ, ಇಂಜಿನ್ ಶೆಡ್ಡಿನಲ್ಲಿ ಮೇಲಿನಿಂದ ಸುರಿಯುತ್ತಿದ್ದ ಹಾಗೇ, ಕಲ್ಲಿದ್ದಲು ಸುರಿಯತೊಡಗಿದಳು.

ಅಪ್ಪ ಆ ಸದ್ದಿಗೆ ತಿರುಗಿದ.

ಹೆಂಟೆಗಳು ಉರುಳಿ ಅಂಚಿಗೆ ಹೋದವು, ಪುಡಿ ನಡುವೆ ಕೂತಿತು. ಸಣ್ಣಗೆ ಧೂಳೆದ್ದು ಕಿಟಕಿಯ ಬಿಸಿಲಿನಲ್ಲಿ ತೇಲಿತು. ಈ ಸಲ ಮಸಿ ಏನನ್ನೂ ಹಿಡಿದು ನಿಲ್ಲಿಸಲಿಲ್ಲ. ರಾಶಿ ತನಗೆ ಬೇಕಾದ ಹಾಗೆ ಜಾರಿತು, ಕುಸಿಯಿತು, ನಿಂತಿತು. ಅವಳು ಒಂದು ಹೊಸ ಚಮಚವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು.

ಅಪ್ಪ ಬಂದ. ಚಮಚ ಎತ್ತಿಕೊಂಡ. ಬುಡಕ್ಕೆ ತೂರಿಸಿದ. ಚಮಚ ಒಳಗೆ ಹೋಯಿತು.

ಹೊರಗೆ ಬಂದಾಗ ಅದರ ತುಂಬ ಕಲ್ಲಿದ್ದಲು ಇತ್ತು. ಅವನು ಸೊಂಟದಿಂದ ತಿರುಗಿ, ಮಣಿಕಟ್ಟನ್ನು ಚೂರೇ ಚೂರು ಹೊರಳಿಸಿದ; ಚಮಚದಲ್ಲಿದ್ದುದೆಲ್ಲ ಹಾರಿ ಡಬ್ಬಿಯ ಎಡಮೂಲೆಗೆ ಬೀಸಿದ ಬಲೆಯ ಹಾಗೆ ಹರಡಿ ಬಿತ್ತು. ಹಿಂದಿನ ರಾಶಿ ಕುಸಿದು ಗುಂಡಿಯನ್ನು ತುಂಬಿತು. ಎರಡನೆಯ ಚಮಚ ಬಲಮೂಲೆಗೆ. ಮೂರನೆಯದು ಒಲೆಯ ಬಾಗಿಲ ಬುಡಕ್ಕೆ. ನಾಲ್ಕನೆಯದು ದೂರಕ್ಕೆ. ಮೇಜಿನ ಮೇಲೆ ಒಂದು ಕಾಳೂ ಚೆಲ್ಲಲಿಲ್ಲ. ಶರಟಿನ ಗುಂಡಿ ಹಾಕಿಕೊಳ್ಳಲು ಆಗದ ಕೈ ಅದು, ಲೋಟ ಹಿಡಿದರೆ ಅರ್ಧ ಚಹಾ ತಟ್ಟೆಗೆ ಚೆಲ್ಲುವ ಕೈ. ಈಗ ಅದರಲ್ಲಿ ಎಳ್ಳಷ್ಟೂ ನಡುಕವಿರಲಿಲ್ಲ. ಅಪ್ಪ ಫೈರ್‌ಮನ್ ಕೆಲಸ ಮಾಡುವುದನ್ನು ಮಸಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ನೋಡಿದ್ದು ಕೆಲಸ ಮುಗಿಸಿ ಬಂದವನ ಮೈಮೇಲಿನ ಕಪ್ಪನ್ನು ಮಾತ್ರ. ಅವಳು ಗೋಡೆಗೆ ಒರಗಿ ನಿಂತು ನೋಡಿದಳು. ಇಷ್ಟು ಚಂದದ ಕೆಲಸ ಅದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ತಲೆಯೆತ್ತಿ ಕಿಟಕಿಯ ಚೌಕಟ್ಟಿನ ಮೇಲೆ ಏನನ್ನೋ ನೋಡಿದ. ಮುಳ್ಳು ಏರಿರಬೇಕು. ಅವನ ಹೆಗಲು ಸಡಿಲವಾಯಿತು. ಆಮೇಲೆ ಬಗ್ಗಿ ಟೆಂಡರನ್ನು ನೋಡಿದ, ಅಂಚಿನ ಹೆಂಟೆಗಳನ್ನು, ನಡುವಿನ ಪುಡಿಯನ್ನು, ಜಾರುವ ಇಳಿಜಾರನ್ನು. ಒಂದು ಬೆರಳಿನಿಂದ ಮುಟ್ಟಿದ. ಅದು ಸರಿದು ಜಾಗ ಬಿಟ್ಟಿತು.

"ಇದನ್ನ ತುಂಬಿದ್ದು ಯಾರು?"

"ನಾನು."

ಅವನು ಅವಳ ಕಡೆ ತಿರುಗಿದ. ಮರ್ಯಾದೆಯಿಂದ, ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದ.

"ನೀನಾ? ಚೆನ್ನಾಗಿ ತುಂಬಿದ್ದೀಯಮ್ಮ. ಹೀಗೆ ಬೀಳ್ಬೇಕು ಇದ್ದಲು. ಇಷ್ಟು ವರ್ಷದಲ್ಲಿ ಈ ಥರ ಯಾರೂ ತುಂಬಿರ್ಲಿಲ್ಲ ನೋಡು. ಎಲ್ಲಿ ಕಲಿತೆ?"

ಅಪ್ಪಾ, ನಾನು ಮಸಿ ಎಂದು ಅವಳು ಹೇಳಬಹುದಿತ್ತು. ಹಾಗಂದರೆ ಅವನು ಗೊಂದಲಕ್ಕೆ ಬೀಳುತ್ತಾನೆ, ಚಮಚ ಕೆಳಗಿಡುತ್ತಾನೆ, ಮುಳ್ಳು ಇಳಿಯುತ್ತದೆ.

"ನಮ್ಮಪ್ಪ ಕಲಿಸಿದ್ರು," ಎಂದಳು.

"ಅವರೂ ಇದೇ ಕೆಲಸನಾ?"

"ಹೌದು. ಫೈರ್‌ಮನ್."

"ಗಟ್ಟಿ ಕೆಲಸಗಾರ ಇರ್ಬೇಕು," ಎಂದು ಅವನು ತಲೆದೂಗಿದ. ಆಮೇಲೆ, ಗಾಡಿಯ ಮೇಲೆ ಹೆಂಗಸನ್ನು ನಿಲ್ಲಿಸಿಕೊಂಡಿರುವುದು ಸರಿಯಲ್ಲ ಎಂದು ಹೊಳೆದವನ ಹಾಗೆ, ಕೈಯಲ್ಲಿ ಬಾಗಿಲ ಕಡೆ ತೋರಿಸಿದ. "ಸರಿ, ಇನ್ನು ಮನೆಗೆ ಹೋಗಮ್ಮ. ನಾನು ನೋಡ್ಕೋತೀನಿ. ನಿಮ್ಮಪ್ಪ ಕಾಯ್ತಿರ್ತಾರೆ."

ಅವಳು ಹೋಗದೆ ಅವನು ಚಮಚ ಎತ್ತುವ ಹಾಗೆ ಕಾಣಲಿಲ್ಲ. ಮಸಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಬಾಗಿಲನ್ನು ಮುಂದಕ್ಕೆ ಎಳೆದುಕೊಂಡಳು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಎದುರು ಮನೆಯಾಕೆ ಮಹಡಿಯಿಂದ, ಎಲ್ಲಿಗೆ ಹೊರಟೆ ಎಂದು ಕೇಳಿದಳು. ಎಲ್ಲಿಗೂ ಇಲ್ಲ ಎಂದಳು ಮಸಿ. ಗೋಡೆ ಬಳಸಿಕೊಂಡು ಹಿತ್ತಿಲಿಗೆ ಬಂದು, ಅಡುಗೆಮನೆಯ ಕಿಟಕಿಯ ಕೆಳಗೆ ಮೆಟ್ಟಿಲ ಮೇಲೆ ಕೂತಳು. ಒಳಗಿನಿಂದ ಸದ್ದು ಬರುತ್ತಿತ್ತು: ತೂರುವುದು, ತಿರುಗುವುದು, ಬೀಳುವುದು. ತಾಳ ತಪ್ಪದೆ ಬರುತ್ತಿತ್ತು. ಇಷ್ಟು ದಿನ ಯಾವ ಮಾತಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳೋ ಆ ಮಾತು ಬಂದಾಗಿತ್ತು. ಅದನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. ಸೆರಗಿನಲ್ಲಿದ್ದ ಕಲ್ಲಿದ್ದಲಿನ ಧೂಳು ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು.

ಬಿಸಿಲು ಮೆಟ್ಟಿಲಿನಿಂದ ಇಳಿಯುವ ಹೊತ್ತಿಗೆ ಒಳಗಿನ ಸದ್ದು ಬದಲಾಯಿತು. ಚಮಚ ಹಿತ್ತಾಳೆ ತಗಡಿಗೆ ತಾಗುತ್ತಿತ್ತು. ಟೆಂಡರು ಬರಿದಾಗಿತ್ತು. ಅವಳು ಎದ್ದು, ಹಿತ್ತಿಲ ಬಾಗಿಲಿನಿಂದ ಒಳಗೆ ಹೋದಳು. ಬಿಸ್ಕತ್ತಿನ ಡಬ್ಬಿಯನ್ನು ಪೇಪರಿನ ಸುರುಳಿಗೆ ಬೋರಲು ಹಾಕಿ, ಎತ್ತರದಿಂದ ಟೆಂಡರಿಗೆ ಸುರಿಯತೊಡಗಿದಳು. ಅಪ್ಪ ಚಮಚವನ್ನು ಊರಿಕೊಂಡು ನಿಂತು, ಕಲ್ಲಿದ್ದಲು ಬೀಳುವುದನ್ನು ಮೆಚ್ಚಿಗೆಯಿಂದ ನೋಡುತ್ತಿದ್ದ.

"ಹೊಸಬಳಾ?" ಎಂದು ಕೇಳಿದ.

"ಹೌದು," ಎಂದಳು ಮಸಿ. "ಇವತ್ತೇ ಸೇರಿದ್ದು. ಊಟ ತಂದಿದ್ದೀನಿ, ಗಾಡಿ ಹೇಗೂ ಓಡ್ತಿದೆಯಲ್ಲ, ಎರಡು ತುತ್ತು ತಿಂತೀರಾ?"

ಅವನು ಕಿಟಕಿಯ ಚೌಕಟ್ಟಿನ ಕಡೆ ಒಮ್ಮೆ ನೋಡಿದ. ಚಮಚವನ್ನು ಕೈಗೆ ಸಿಗುವ ಹಾಗೆ ಟೆಂಡರಿನ ಮೇಲಿಟ್ಟು, ನಾಲ್ಕು ದಿನದಲ್ಲಿ ಮೊದಲ ಬಾರಿಗೆ ತಾನಾಗಿ ಕುರ್ಚಿಯ ಮೇಲೆ ಕೂತ.